ಪಾಯ ತೆಗೆಯುವ ಮುನ್ನ

ಭತ್ತದ ಸುಗ್ಗಿ ಮುಗಿದು ನಾಲ್ಕು ಕಾಸು ಕೈಸೇರಿದೊಡನೆ ನಮ್ಮ ಹಳ್ಳಿಗಳಲ್ಲಿ ಎರಡು ಮಾತು ಏಳುತ್ತವೆ. ಒಂದು ಮದುವೆಯ ಮಾತು, ಇನ್ನೊಂದು ಮನೆಯ ಮಾತು. ಮದುವೆಯ ವಿಷಯ ಹಿರಿಯರಿಗೆ ಬಿಟ್ಟದ್ದು. ಮನೆಯ ವಿಷಯದಲ್ಲಿ ಕೆಲವು ಸಂಗತಿಗಳನ್ನು ಇಲ್ಲಿ ತಿಳಿಸಬೇಕಾಗಿದೆ. ಏಕೆಂದರೆ ರೈತನಾದವನು ಸಾಮಾನ್ಯವಾಗಿ ಜೀವಮಾನದಲ್ಲಿ ಒಂದೇ ಸಲ ಮನೆ ಕಟ್ಟಿಸುತ್ತಾನೆ. ಅದಕ್ಕೆಂದು ವರ್ಷಗಟ್ಟಲೆ ಕೂಡಿಟ್ಟದ್ದನ್ನು ಸುರಿದು, ಸಾಲದ್ದಕ್ಕೆ ಸಾಲವನ್ನೂ ಮಾಡುತ್ತಾನೆ. ಬಿತ್ತನೆ ಕೆಟ್ಟರೆ ಮುಂದಿನ ವರ್ಷ ಸರಿಪಡಿಸಿಕೊಳ್ಳಬಹುದು. ಮನೆ ಕೆಟ್ಟರೆ ಮಕ್ಕಳ ಕಾಲಕ್ಕೂ ಅದರಲ್ಲೇ ಬೇಯಬೇಕು.

ದಾವಣಗೆರೆ, ಹರಿಹರದ ಸುತ್ತಿನ ಹಳ್ಳಿಗಳಲ್ಲಿ ಮನೆ ಕಟ್ಟಿಸುವವರನ್ನು "ಎಂಥ ಮನೆ?" ಎಂದು ಕೇಳಿದರೆ ಎಷ್ಟೋ ಸಲ ಬರುವ ಉತ್ತರ, "ಎಂ.ಸಿ.ಸಿ. ಬಡಾವಣೆಯಲ್ಲಿ ಇದಾವಲ್ಲ, ಅಂಥದ್ದು" ಎಂಬುದು. ಸಂತೆಗೆಂದೋ, ಆಸ್ಪತ್ರೆಗೆಂದೋ, ಮಗನನ್ನು ಕಾಲೇಜಿಗೆ ಸೇರಿಸಲೆಂದೋ ನಗರಕ್ಕೆ ಹೋದವರು 'ಎ' ಬ್ಲಾಕು, 'ಬಿ' ಬ್ಲಾಕುಗಳ ರಸ್ತೆಯಲ್ಲಿ ನಡೆದು ಬರುತ್ತಾರೆ. ಅಗಲವಾದ ಗಾಜಿನ ಕಿಟಕಿ, ಸಮತಟ್ಟಾದ ತಾರಸಿ, ನುಣ್ಣನೆಯ ಬಣ್ಣದ ಗೋಡೆ ಕಣ್ಣಲ್ಲಿ ಉಳಿಯುತ್ತವೆ. ಊರಿಗೆ ಮರಳಿ ಮೇಸ್ತ್ರಿಯನ್ನು ಕರೆಸುತ್ತಾರೆ.

ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಬಡಾವಣೆಯ ಮನೆಯ ಆಕಾರವನ್ನು ನಿರ್ಣಯಿಸಿದ್ದು ಅಲ್ಲಿನ ನಿವೇಶನ ಎಂಬುದನ್ನು ಮರೆಯಬಾರದು. ಅಳತೆ ಮಾಡಿ ಕೊಟ್ಟ ಜಾಗ, ಎದುರಿಗೆ ರಸ್ತೆ, ಎರಡು ಮಗ್ಗುಲಲ್ಲಿ ನೆರೆಯವರ ಗೋಡೆ. ಆ ನೆರೆಗೋಡೆಗಳೇ ಇವರ ಗೋಡೆಗೆ ನೆರಳು. ನೀರು ನಲ್ಲಿಯಲ್ಲಿ ಬರುತ್ತದೆ, ಕೊಳಚೆ ಒಳಚರಂಡಿಯಲ್ಲಿ ಹೋಗುತ್ತದೆ. ಅದೇ ಮನೆಯನ್ನು ತಂದು ಬಯಲಿನಲ್ಲಿ, ಎರೆ ನೆಲದ ಮೇಲೆ ನಿಲ್ಲಿಸಿದರೆ ನಾಲ್ಕು ಕಡೆಯಿಂದಲೂ ಬಿಸಿಲು ಬಡಿಯುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಇಳಿಯುತ್ತದೆ. ಬಚ್ಚಲ ನೀರು ಬಾಗಿಲ ಮುಂದೆಯೇ ನಿಲ್ಲುತ್ತದೆ. ಪರಿಸರಕ್ಕೆ ಒಗ್ಗುವ ಮನೆ ಎಂದರೆ ಹೊಸ ಬಗೆಯ ಷೋಕಿಯಲ್ಲ. ತಾನು ನಿಂತ ಜಾಗದ ಮಣ್ಣು, ಬಿಸಿಲು, ಗಾಳಿ, ಮಳೆ ಇವನ್ನು ಕೇಳಿ ಕಟ್ಟಿದ ಮನೆ ಎಂದಷ್ಟೇ ಅರ್ಥ. ಈ ಕೇಳುವ ಕೆಲಸಕ್ಕೆ ಹಣ ಬೇಕಿಲ್ಲ. ಆದರೆ ಅದು ಪಾಯ ತೆಗೆಯುವ ಮುನ್ನವೇ ಆಗಬೇಕು.

ಹಾಗೆ ಕೇಳಿ ಕಟ್ಟಿದ ಮನೆಗಳು ನಮ್ಮಲ್ಲಿ ಹೊಸತೂ ಅಲ್ಲ. ಹಿಂದಿನವರ ಮಾಳಿಗೆ ಮನೆಯನ್ನೇ ನೋಡಿ. ಒಂದೂವರೆ ಅಡಿ, ಎರಡು ಅಡಿ ದಪ್ಪದ ಕಲ್ಲು ಮಣ್ಣಿನ ಗೋಡೆ. ಮೇಲೆ ತೊಲೆ, ಜಂತಿ, ಅದರ ಮೇಲೆ ಮೆದೆ ಹಾಸಿ ಚೌಳು ಮಣ್ಣಿನ ಹೊದಿಕೆ. ನಡುಮನೆಗೆ ಗವಾಕ್ಷಿ, ಮುಂದೆ ಪಡಸಾಲೆ, ಕಟ್ಟೆ. ಏಪ್ರಿಲ್ ಬಿಸಿಲಿನಲ್ಲೂ ಮಧ್ಯಾಹ್ನ ಅದರೊಳಗೆ ಮಲಗಬಹುದಾಗಿತ್ತು. ಹಾಗೆಂದು ಅದನ್ನು ಸುಮ್ಮನೆ ಹೊಗಳುವುದೂ ಸರಿಯಲ್ಲ. ಒಳಗೆ ಕತ್ತಲೆ, ಅಡಿಗೆ ಮನೆಯ ತುಂಬ ಹೊಗೆ, ಮನುಷ್ಯರಿರುವ ಸೂರಿನಡಿಯಲ್ಲೇ ದನಗಳು, ಜಡಿಮಳೆಗೆ ಸೋರುವ ಮಾಳಿಗೆ. ಪ್ರತಿ ವರ್ಷ ಮೇಲೆ ಹತ್ತಿ ಮಣ್ಣು ಹಾಕುವ ಆಳು ಈಗ ಸಿಗುವುದೂ ಇಲ್ಲ. ಅದರ ತಂಪು, ಗವಾಕ್ಷಿ, ಪಡಸಾಲೆಗಳನ್ನು ಉಳಿಸಿಕೊಂಡು, ಹೊಗೆ, ಕತ್ತಲೆಗಳನ್ನು ಬಿಡುವುದೇ ವಿವೇಕ.

ಒಂದು ಮಾತು. ಹಳೆಯ ಮನೆ ಕೆಡವುವಾಗ ಅದರ ತೊಲೆ, ಕಂಬ, ಬಾಗಿಲು, ಚಪ್ಪಡಿ, ಪಾಯದ ಕಲ್ಲುಗಳನ್ನು ಬಂದ ಬೆಲೆಗೆ ಮಾರಿಬಿಡುವುದುಂಟು. ಅಂಥ ಮರವನ್ನು ಇಂದು ಹೊಸದಾಗಿ ಕೊಳ್ಳಲು ಹೋದರೆ ಕೈ ಸುಡುತ್ತದೆ. ಹೊಸ ಮನೆಯ ಅಳತೆಯನ್ನು ಹಳೆಯ ಬಾಗಿಲು, ತೊಲೆಗಳಿಗೆ ಹೊಂದಿಸಿ ಬರೆಸುವುದು ಜಾಣತನ. ಕಡಿಯದೆ ಉಳಿದ ಮರವೂ ಲಾಭವೇ.

ಮಣ್ಣು ನೋಡಿ

ಈ ಸೀಮೆಯಲ್ಲಿ ಮನೆ ಕೆಡುವುದಕ್ಕೆ ಮೊದಲ ಕಾರಣ ಎರೆ ಮಣ್ಣು. ಹತ್ತಿ, ಜೋಳಕ್ಕೆ ಅದು ಬಂಗಾರ. ಮನೆಗೆ ಮಾತ್ರ ನಂಬಿಕೆಗೆ ಯೋಗ್ಯವಲ್ಲ. ನೀರು ಕುಡಿದಾಗ ಅದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಗೆಯಲ್ಲಿ ಹೊಲ ಬಾಯಿ ಬಿಟ್ಟು ಕೈ ಹೋಗುವಷ್ಟು ಬಿರುಕಾಗುವುದನ್ನು ರೈತರಿಗೆ ಹೇಳಿಕೊಡಬೇಕಾಗಿಲ್ಲ. ಮನೆಯ ಕೆಳಗೂ ಇದೇ ನಡೆಯುತ್ತದೆ, ಆದರೆ ಎಲ್ಲ ಕಡೆ ಒಂದೇ ಸಮನಾಗಿ ಅಲ್ಲ. ನಡುಮನೆಯ ನೆಲದಡಿಯ ಮಣ್ಣು ವರ್ಷವಿಡೀ ಹೆಚ್ಚು ಕಡಮೆ ಒಂದೇ ತೇವದಲ್ಲಿರುತ್ತದೆ. ಹೊರಗೋಡೆಗಳ ಕೆಳಗಿನದು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ. ಹೀಗೆ ಅಂಚು ಏರಿಳಿದು ನಡು ನಿಂತಲ್ಲೇ ನಿಂತರೆ ಗೋಡೆ ಸೀಳದೆ ಏನು ಮಾಡೀತು? ಎಷ್ಟು ಸಿಮೆಂಟು ಮೆತ್ತಿದರೂ ಆ ಬಿರುಕು ಮರುವರ್ಷ ಬಾಯಿ ಬಿಡುತ್ತದೆ.

ಆದುದರಿಂದ ಮೊದಲು ನಿವೇಶನದ ಎರಡು ಮೂರು ಕಡೆ ಆಳು ಇಳಿಯುವಷ್ಟು ಗುಂಡಿ ತೋಡಿಸಿ ನೋಡಬೇಕು. ನಮ್ಮಲ್ಲಿ ಒಂದೇ ಊರಿನ ಈ ಮಗ್ಗುಲು ಎರೆ, ಆ ಮಗ್ಗುಲು ಮಸಾರಿ ಇರುವುದುಂಟು. ಆಯ್ಕೆ ಇದ್ದರೆ ಮನೆಗೆ ಮಸಾರಿಯನ್ನು ಹಿಡಿಯಿರಿ, ಎರೆಯನ್ನು ಬೆಳೆಗೆ ಬಿಡಿ. ಎರೆಯೇ ಗತಿಯಾದರೆ ಅದರ ಆಳ ತಿಳಿಯಬೇಕು. ನಾಲ್ಕೈದು ಅಡಿಗೆ ಗರಸು ಸಿಕ್ಕರೆ ಪಾಯವನ್ನು ಆ ಗರಸಿನ ಮೇಲೆಯೇ ಕೂರಿಸಬೇಕು. ತೆಗೆದ ಎರೆ ಮಣ್ಣನ್ನು ಮತ್ತೆ ಪಾಯದ ಮಗ್ಗುಲಿಗೂ ನೆಲದಡಿಗೂ ತುಂಬದೆ ಗರಸು ತುಂಬಿ ದಮ್ಮಸ್ಸು ಮಾಡಿಸಬೇಕು. ತುಂಬ ಆಳದವರೆಗೂ ಎರೆಯೇ ಇದ್ದರೆ ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆಯವರು ರೂಢಿಗೆ ತಂದ ಕ್ರಮವೊಂದಿದೆ. ಹನ್ನೊಂದು ಹನ್ನೆರಡು ಅಡಿ ಆಳಕ್ಕೆ ಕೊರೆದು, ಬುಡದಲ್ಲಿ ಗಡ್ಡೆಯಂತೆ ಅಗಲ ಮಾಡಿ, ಕಬ್ಬಿಣ ಇಳಿಸಿ ಕಾಂಕ್ರೀಟು ತುಂಬುವುದು. ಅಷ್ಟು ಆಳದಲ್ಲಿ ಬಿಸಿಲು ಮಳೆಯ ಆಟ ಬಹುಮಟ್ಟಿಗೆ ನಿಂತಿರುತ್ತದೆ. ಈ ಕಂಬಗಳ ತಲೆಯನ್ನು ಕಟ್ಟುವ ಬೀಮಿನಡಿಯಲ್ಲಿ ಸ್ವಲ್ಪ ಸಂದು ಬಿಟ್ಟಿರಬೇಕು, ಇಲ್ಲವಾದರೆ ಉಬ್ಬಿದ ಮಣ್ಣು ಬೀಮನ್ನೇ ಎತ್ತುತ್ತದೆ. ಇದು ಮೇಸ್ತ್ರಿಯ ಅಂದಾಜಿನಿಂದ ಆಗುವ ಕೆಲಸವಲ್ಲ. ಇಂಜಿನಿಯರನ್ನು ಕೇಳಿಯೇ ಮಾಡಿಸಬೇಕು; ಅವರಿಗೆ ಕೊಡುವ ಶುಲ್ಕ, ಮುಂದೆ ಬಿರುಕು ಮುಚ್ಚಿಸುವ ಖರ್ಚಿನ ಮುಂದೆ ಏನೂ ಅಲ್ಲ.

ಯಾವ ಪಾಯವೇ ಇರಲಿ, ಮನೆಯ ಸುತ್ತ ಐದಾರು ಅಡಿ ಅಗಲಕ್ಕೆ ಹೊರಕ್ಕೆ ಇಳಿಜಾರಾದ ಹಾಸು ಇರತಕ್ಕದ್ದು. ಸೂರಿನ ನೀರು, ಬಚ್ಚಲ ನೀರು ಗೋಡೆಯ ಬುಡದಲ್ಲಿ ಇಂಗಕೂಡದು. ಭದ್ರಾ ನಾಲೆಯ ನೀರು ಬರುವ ಊರುಗಳಲ್ಲಿ ಗದ್ದೆಯ ಬದುವಿಗೆ ಒತ್ತಿ ಮನೆ ಕಟ್ಟುವ ರೂಢಿಯೂ ಬಿಡಬೇಕಾದದ್ದೇ.

ಬಿಸಿಲಿನ ದಾರಿ

ಆಯ ಕೇಳಿಸುವವರು ಕೇಳಿಸಲಿ, ಅದಕ್ಕೆ ಅಡ್ಡಿಯಿಲ್ಲ. ಜೊತೆಗೆ ಸೂರ್ಯನನ್ನೂ ಒಂದು ಮಾತು ಕೇಳುವುದು ಒಳಿತು. ನಿವೇಶನದ ನಡುವೆ ನಾಲ್ಕಡಿಯ ಕೋಲು ನೆಟ್ಟು, ಬೆಳಗ್ಗೆ, ನಡುಹಗಲು, ಸಂಜೆ ಅದರ ನೆರಳಿನ ತುದಿಗೆ ಗೂಟ ಹೊಡೆಯಿರಿ. ತಿಂಗಳಿಗೊಮ್ಮೆ ಹೀಗೆ ಮಾಡಿದರೆ ನಿಮ್ಮ ಜಾಗದಲ್ಲಿ ಬಿಸಿಲು ನಡೆಯುವ ದಾರಿ ನೆಲದ ಮೇಲೆಯೇ ಬರೆದಂತೆ ಕಾಣುತ್ತದೆ.

ದಾವಣಗೆರೆ ಇರುವುದು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು ಹದಿನಾಲ್ಕೂವರೆ ಡಿಗ್ರಿಯಲ್ಲಿ. ಆದ್ದರಿಂದ ಏಪ್ರಿಲ್ ಕೊನೆಯ ದಿನಗಳಲ್ಲೊಮ್ಮೆ, ಆಗಸ್ಟ್ ನಡುವಿನಲ್ಲೊಮ್ಮೆ ಸೂರ್ಯ ನಡುಹಗಲು ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಕೋಲಿಗೆ ನೆರಳೇ ಇರುವುದಿಲ್ಲ. ಎರಡರ ನಡುವಿನ ತಿಂಗಳುಗಳಲ್ಲಿ ಅವನು ತುಸು ಉತ್ತರಕ್ಕೆ ವಾಲಿರುತ್ತಾನೆ. ಚಳಿಗಾಲದಲ್ಲಿ ಮಾತ್ರ ದಕ್ಷಿಣಕ್ಕೆ ಚೆನ್ನಾಗಿ ಇಳಿಯುತ್ತಾನೆ. ಇದರಿಂದ ತಿಳಿಯುವುದೇನು? ಉರಿ ಬೇಸಗೆಯಲ್ಲಿ ತೆಂಕಣ ಗೋಡೆಗೂ ಬಡಗಣ ಗೋಡೆಗೂ ಬಿಸಿಲಿನ ಹೊಡೆತ ಕಡಮೆ. ಕಿಟಕಿಯ ಮೇಲೆ ಎರಡು ಅಡಿಯ ಸಜ್ಜಾ ಇದ್ದರೆ ಸಾಕು. ಚಳಿಗಾಲದ ಎಳೆಬಿಸಿಲು ತೆಂಕಣ ಕಿಟಕಿಯಿಂದ ತಾನಾಗಿ ಒಳಗೆ ಬರುತ್ತದೆ, ಆಗ ಅದು ಬೇಕಾದದ್ದೇ. ಮೂಡಣ ಪಡುವಣಗಳ ಮಾತು ಬೇರೆ. ಸಂಜೆಯ ಸೂರ್ಯ ಅಡ್ಡಡ್ಡವಾಗಿ ಬರುವುದರಿಂದ ಎಷ್ಟು ಅಗಲದ ಸಜ್ಜಾ ಹಾಕಿದರೂ ಪಡುವಣ ಗೋಡೆಗೆ ಅದು ನೆರಳಲ್ಲ. ಪಡುವಣಕ್ಕೆ ಅಗಲವಾದ ಗಾಜಿನ ಕಿಟಕಿ ಇಡಿಸಿ, ಆಮೇಲೆ ಅದಕ್ಕೆ ದಪ್ಪ ಪರದೆ ಹೊಲಿಸಿ, ಪರದೆಯ ಹಿಂದೆ ತಂಪಿನ ಯಂತ್ರ ಕೂರಿಸಿದವರನ್ನು ಪಟ್ಟಣದಲ್ಲಿ ಬೇಕಾದಷ್ಟು ನೋಡಬಹುದು.

ಆದುದರಿಂದ ಮನೆಯ ಉದ್ದ ಮೂಡಣ ಪಡುವಣಕ್ಕೆ ಇರಲಿ, ಗಿಡ್ಡ ಗೋಡೆಗಳು ಮಾತ್ರ ಬಿಸಿಲಿಗೆ ಮುಖ ಕೊಡಲಿ. ಪಡುವಣದ ಮಗ್ಗುಲಿಗೆ ಮಲಗುವ ಕೋಣೆ ಬೇಡ. ಕಾಳಿನ ಕೋಣೆ, ಬಚ್ಚಲು, ಮೆಟ್ಟಿಲು ಅಲ್ಲಿಗೆ ಹೋಗಲಿ. ಇಲ್ಲವೇ ಆ ಕಡೆಗೆ ಪಡಸಾಲೆ ಇಳಿಸಿ. ಆದರೆ ಮುಂಗಾರಿನ ಗಾಳಿ ಬರುವುದೂ ಪಡುವಣ, ನೈಋತ್ಯಗಳಿಂದಲೇ. ಗಾಳಿ ಬೇಕು, ಬಿಸಿಲು ಬೇಡ. ಅದಕ್ಕೆ ಅಲ್ಲಿ ಸಣ್ಣ, ಮರದ ಬಾಗಿಲಿನ ಕಿಟಕಿ ಇಡಿಸಿ, ಅದಕ್ಕೆ ಎದುರಾಗಿ ಮೂಡಣದಲ್ಲಿ ಅದಕ್ಕಿಂತ ದೊಡ್ಡದೊಂದನ್ನು ಇಡಿಸಬೇಕು. ಒಂದು ಕಡೆ ಬಂದ ಗಾಳಿ ಇನ್ನೊಂದು ಕಡೆ ಹೋಗಲು ದಾರಿ ಇಲ್ಲದಿದ್ದರೆ ಕಿಟಕಿ ಇದ್ದೂ ಇಲ್ಲದಂತೆ. ನಡುಮನೆಯ ಬಿಸಿ ಗಾಳಿ ಮೇಲೇರಿ ಹೋಗಲು ಗವಾಕ್ಷಿ ಇದ್ದೇ ಇರಲಿ. ಮೇಲೆ ಗಾಜು, ಮಗ್ಗುಲಿಗೆ ಜಾಲರಿ ಹಾಕಿಸಿದರೆ ಮಳೆಯೂ ಇಲ್ಲ, ಹಾವು ಹುಳದ ಭಯವೂ ಇಲ್ಲ.

ಮರದ ವಿಷಯದಲ್ಲಿ ಒಂದು ತೊಡಕುಂಟು. ಪಡುವಣಕ್ಕೆ ಬೇವು, ಹೊಂಗೆ ಇದ್ದರೆ ನೆರಳಿಗೆ ಅದಕ್ಕಿಂತ ಬೇರೆ ಬೇಡ. ಹೊಂಗೆಯಂತೂ ಯುಗಾದಿಯ ಹೊತ್ತಿಗೆ ಹೊಸ ಎಲೆ ಹೊತ್ತು, ನೆರಳು ಬೇಕಾದಾಗಲೇ ನೆರಳು ಕೊಡುತ್ತದೆ. ಆದರೆ ಎರೆ ನೆಲದಲ್ಲಿ ದೊಡ್ಡ ಮರದ ಬೇರು ಪಾಯದಡಿಯ ತೇವ ಹೀರಿ ಮಣ್ಣನ್ನು ಮತ್ತಷ್ಟು ಕುಗ್ಗಿಸುತ್ತದೆ. ಮರ ಪೂರಾ ಬೆಳೆದಾಗ ಎಷ್ಟು ಎತ್ತರವೋ ಅಷ್ಟು ದೂರದಲ್ಲಿ ನೆಡುವುದು ಕ್ಷೇಮ. ದೂರವಾದರೆ ನೆರಳು ಬಂದೀತೇ ಎಂದರೆ, ಬರುತ್ತದೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಮರದ ನೆರಳು ಮರದ ಎತ್ತರದಷ್ಟೇ ಉದ್ದವಾಗುತ್ತದೆ. ಆಮೇಲೆ ಇನ್ನೂ ಬೆಳೆಯುತ್ತದೆ. ಗೋಡೆಗೆ ನೆರಳು ಹೆಚ್ಚು ಬೇಕಾಗುವುದೂ ಆಗಲೇ. ಅದಕ್ಕೆ ಮೊದಲಿನ ಹೊತ್ತಿಗೆ ಗೋಡೆಯ ಹತ್ತಿರ ನುಗ್ಗೆ, ಪಪ್ಪಾಯಿ, ಚಪ್ಪರಕ್ಕೆ ಹಬ್ಬಿದ ಹೀರೆ, ಅವರೆ ಬಳ್ಳಿಗಳು ಸಾಕು. ಮಸಾರಿ ನೆಲದವರಿಗೆ ಈ ತೊಡಕು ಅಷ್ಟಾಗಿ ಇಲ್ಲ.

ಗೋಡೆ ಮತ್ತು ತಾರಸಿ

ಸುಟ್ಟ ಇಟ್ಟಿಗೆಯೇ ಗಟ್ಟಿ, ಮಣ್ಣೆಂದರೆ ಬಡವರದು ಎಂಬ ಭಾವನೆ ಬೇರೂರಿದೆ. ಇಟ್ಟಿಗೆಗೆ ಮಣ್ಣು ಎಲ್ಲಿಂದ ಬರುತ್ತದೆ ಎಂದು ಯೋಚಿಸಿದರೆ ರೈತರಿಗೇ ಬೇಸರವಾದೀತು. ಒಳ್ಳೆಯ ಹೊಲದ ಮೇಲ್ಮಣ್ಣು ಹೋಗಿ ಗೂಡಿನಲ್ಲಿ ಬೇಯುತ್ತದೆ; ಅದನ್ನು ಬೇಯಿಸಲು ಮತ್ತೆ ಸೌದೆ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ಹಳ್ಳಿಗಳಿಗೆ ತಕ್ಕ ತಾಂತ್ರಿಕ ಕ್ರಮಗಳಿಗೆಂದೇ 'ಅಸ್ತ್ರ' ಎಂಬ ವಿಭಾಗ ಆರಂಭವಾಯಿತು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರವಿತ್ತು. ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಜೊತೆಯವರು ಸುಡದ ಮಣ್ಣಿನ ಇಟ್ಟಿಗೆಯನ್ನು ಹದಕ್ಕೆ ತಂದರು. ಮರಳು ಸೇರಿದ ಕೆಂಪು ಮಣ್ಣಿಗೆ ತೂಕದಲ್ಲಿ ನೂರಕ್ಕೆ ಆರರಿಂದ ಎಂಟು ಪಾಲು ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ ತೆಗೆದು, ಮೂರು ವಾರ ನೆರಳಿನಲ್ಲಿ ಹುಲ್ಲು ಹೊದಿಸಿ ನೀರು ಚಿಮುಕಿಸುವುದು. ಇಷ್ಟೇ ಕೆಲಸ. ಹೀಗೆ ಮಾಡಿದ ಇಟ್ಟಿಗೆಗೆ ತಗಲುವ ಇಂಧನದ ಶಕ್ತಿ ಸುಟ್ಟ ಇಟ್ಟಿಗೆಯದರ ಕಾಲುಭಾಗದಷ್ಟು ಮಾತ್ರ ಎಂದು ಅಲ್ಲಿನ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿದೆ.

ಎಲ್ಲ ಮಣ್ಣೂ ಇದಕ್ಕೆ ಬರುವುದಿಲ್ಲ. ಗಾಜಿನ ಶೀಷೆಯಲ್ಲಿ ಮೂರನೆಯ ಒಂದು ಭಾಗ ಮಣ್ಣು, ಮಿಕ್ಕದ್ದು ನೀರು, ಒಂದು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಬಿಡಿ. ತಳದಲ್ಲಿ ಮರಳು, ನಡುವೆ ನವಿರು ಮಣ್ಣು, ಮೇಲೆ ಜೇಡಿ ಪದರವಾಗಿ ಕೂರುತ್ತವೆ. ಮರಳಿನ ಪದರ ಮೂರರಲ್ಲಿ ಎರಡು ಪಾಲಿನಷ್ಟಾದರೂ ಇದ್ದರೆ ಮಣ್ಣು ಯೋಗ್ಯ. ಕಡಮೆಯಿದ್ದರೆ ಕ್ವಾರಿಯ ಪುಡಿ ಸೇರಿಸಬೇಕು. ಎರೆ ಮಣ್ಣನ್ನು ಇದಕ್ಕೆ ತರಲೇಬೇಡಿ. ಗೋಡೆಯ ಬುಡ ಎರಡು ಅಡಿಯಾದರೂ ಕಲ್ಲಿನದಿರಲಿ, ತಾರಸಿ ಗೋಡೆಯಿಂದ ಹೊರಕ್ಕೆ ಚಾಚಿರಲಿ. ಮಳೆ ನೇರ ಬಡಿಯದ ಮಣ್ಣಿನ ಗೋಡೆ ಬಹುಕಾಲ ಬಾಳುತ್ತದೆ. ಸುಟ್ಟ ಇಟ್ಟಿಗೆಯೇ ಬೇಕೆನ್ನುವವರು ಕೇರಳದಲ್ಲಿ ಲಾರಿ ಬೇಕರ್ ಅವರು ಬಳಕೆಗೆ ತಂದ ಕ್ರಮವನ್ನು ನೋಡಬಹುದು. ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಟೊಳ್ಳು ಬಿಟ್ಟು ಕಟ್ಟುವುದು. ನೂರಕ್ಕೆ ಇಪ್ಪತ್ತೈದರಷ್ಟು ಇಟ್ಟಿಗೆ ಉಳಿಯುತ್ತದೆ, ಟೊಳ್ಳಿನ ಗಾಳಿ ಬಿಸಿಲನ್ನೂ ತಡೆಯುತ್ತದೆ.

ಗೋಡೆಗಿಂತ ಹೆಚ್ಚಾಗಿ ಮನೆಯನ್ನು ಕಾಯಿಸುವುದು ತಾರಸಿ. ನೆತ್ತಿಯ ಬಿಸಿಲೆಲ್ಲ ಬೀಳುವುದು ಅದರ ಮೇಲೆಯೇ ತಾನೆ? ನಾಲ್ಕೈದು ಅಂಗುಲದ ಕಾಂಕ್ರೀಟು ಹಗಲೆಲ್ಲ ಬಿಸಿ ಕುಡಿದು, ನಾವು ಮಲಗುವ ಹೊತ್ತಿಗೆ ಅದನ್ನು ಒಳಗೆ ಬಿಡುತ್ತದೆ. ಮೋಲ್ಡು ಹಾಕುವಾಗ ಕಬ್ಬಿಣದ ಸರಳುಗಳ ನಡುವಿನ ಚೌಕಗಳಲ್ಲಿ ಎರಡೆರಡು ಮಂಗಳೂರು ಹಂಚು ಮಡಗಿ ಕಾಂಕ್ರೀಟು ಸುರಿದರೆ ಐದರಲ್ಲಿ ಒಂದು ಪಾಲಿನಷ್ಟು ಕಾಂಕ್ರೀಟು ಉಳಿಯುತ್ತದೆ, ತಂಪೂ ಆಗುತ್ತದೆ. ಇದನ್ನೂ ತಿಳಿದ ಇಂಜಿನಿಯರು ಎದುರಿಗಿದ್ದೇ ಮಾಡಿಸಬೇಕು. ಸಿಮೆಂಟು ಉಳಿಸುವುದು ನಮ್ಮ ಕಿಸೆಗಷ್ಟೇ ಲಾಭವಲ್ಲ. ಒಂದು ಟನ್ನು ಸಿಮೆಂಟು ಆಗುವಷ್ಟರಲ್ಲಿ ಅರ್ಧ ಟನ್ನಿಗೂ ಮಿಕ್ಕಿ ಇಂಗಾಲಾಮ್ಲ ವಾಯು ಆಕಾಶಕ್ಕೆ ಸೇರುತ್ತದೆ. ಇದಾವುದೂ ಆಗದವರು ಶಿವರಾತ್ರಿ ಕಳೆದೊಡನೆ ತಾರಸಿಗೆ ಎರಡು ಸಲ ಬಿಳಿ ಸುಣ್ಣ ಬಳಿಯಲಿ. ಬಿಳಿಯ ಮೈ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಇಷ್ಟು ಅಗ್ಗದ ಉಪಾಯ ಬೇರೊಂದಿಲ್ಲ.

ಮಳೆ ನೀರಿನ ಲೆಕ್ಕ

ಬೆಂಗಳೂರಿನ ವಿಜಯನಗರದಲ್ಲಿ ಎ.ಆರ್. ಶಿವಕುಮಾರ್ ಎಂಬ ವಿಜ್ಞಾನಿ 1990ರ ದಶಕದ ನಡುವೆ 'ಸೌರಭ' ಎಂಬ ಮನೆ ಕಟ್ಟಿದರು. ಅವರು ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ಕೆಲಸ ಮಾಡಿದವರು. ಕಟ್ಟುವ ಮೊದಲು ಬೆಂಗಳೂರಿನ ಹಳೆಯ ಮಳೆ ದಾಖಲೆಗಳನ್ನು ತೆಗೆದು ನೋಡಿ, ಸೂರಿನ ಮೇಲೆ ಬೀಳುವ ನೀರು ಸಂಸಾರಕ್ಕೆ ಸಾಕೆಂದು ಲೆಕ್ಕ ಕಂಡುಕೊಂಡರು. ನಗರದ ನಲ್ಲಿಯ ನೀರನ್ನು ಅವಲಂಬಿಸದೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ಮನೆ ಮಳೆ ನೀರಿನಿಂದಲೇ ನಡೆಯಿತು. ಇಲ್ಲಿ ಗಮನಿಸಬೇಕಾದದ್ದು ಲೆಕ್ಕ ಮೊದಲು, ಮನೆ ಆಮೇಲೆ ಎಂಬುದನ್ನು.

ನಮ್ಮ ಲೆಕ್ಕ ಅವರ ಲೆಕ್ಕವಲ್ಲ. ಬೆಂಗಳೂರಿಗಿಂತ ದಾವಣಗೆರೆಯಲ್ಲಿ ಮಳೆ ಕಡಮೆ, ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಎಂದು ಇಟ್ಟುಕೊಳ್ಳೋಣ. ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಸಾವಿರ ಚದರ ಅಡಿಯ ತಾರಸಿ ಎಂದರೆ 93 ಚದರ ಮೀಟರ್. ಬೀಳುವುದು 55,800 ಲೀಟರ್. ಮೊದಲ ಮಳೆಯ ಕೊಳೆ ನೀರು, ಆವಿಯಾದದ್ದು ಇವನ್ನು ಕಳೆದರೂ 44,000 ಲೀಟರ್ ಕೈಗೆ ಬರುತ್ತದೆ. ಐದು ಮಂದಿಯ ಸಂಸಾರಕ್ಕೆ ಕುಡಿಯಲು, ಅಡಿಗೆಗೆ ತಲೆಗೆ ಹತ್ತು ಲೀಟರಿನಂತೆ ದಿನಕ್ಕೆ 50 ಲೀಟರ್ ಸಾಕು. ಎಂಟು ಅಡಿ ಅಡ್ಡಗಲ, ಏಳು ಅಡಿ ಆಳದ ದುಂಡು ತೊಟ್ಟಿಯಲ್ಲಿ ಹತ್ತಿರ ಹತ್ತಿರ 10,000 ಲೀಟರ್ ಹಿಡಿಯುತ್ತದೆ. ಅದು 200 ದಿನದ ನೀರು. ಹಿಂಗಾರು ನಿಂತ ಮೇಲೆ ಮುಂದಿನ ಮುಂಗಾರಿನವರೆಗೆ ಕಳೆಯಬೇಕಾದ ಆರೂವರೆ ತಿಂಗಳಿಗೆ ಸರಿಹೋಯಿತು. ಮಿಕ್ಕ ನೀರನ್ನು ಕೊಳವೆಬಾವಿಯ ಬಳಿ ಇಂಗುಗುಂಡಿಗೆ ಬಿಡಬಹುದು.

ಇದು ಬರೀ ನೀರಿನ ಅನುಕೂಲದ ಮಾತೂ ಅಲ್ಲ. ಜಗಳೂರು ಸೀಮೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ಇನ್ನೂ ಹೆಚ್ಚಾದರೆ ಮೂಳೆ ಬಾಗುತ್ತದೆ. ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ ಎಂಬುದನ್ನು ತಾಯಂದಿರು ವಿಶೇಷವಾಗಿ ತಿಳಿದಿರಬೇಕು. ಮಳೆಯ ನೀರಿನಲ್ಲಿ ಆ ಕಾಟವಿಲ್ಲ. ಆದರೆ ತೊಟ್ಟಿಗೆ ಬೆಳಕು ಬೀಳಕೂಡದು, ಬಾಯಿಗೆ ಸೊಳ್ಳೆ ನುಸುಳದ ಜಾಲರಿ ಇರಬೇಕು, ಒಳಗೆ ಹೋಗುವ ಮುನ್ನ ನೀರು ಮರಳು ಜಲ್ಲಿಯ ಸೋಸುಗುಂಡಿಯನ್ನು ದಾಟಬೇಕು. ಕುಡಿಯುವುದನ್ನು ಕುದಿಸಿಯೇ ಕುಡಿಯಬೇಕು. ಎರೆ ನೆಲದಲ್ಲಿ ಚೌಕದ ಇಟ್ಟಿಗೆ ತೊಟ್ಟಿ ಮೂಲೆಯಲ್ಲಿ ಸೀಳುವುದರಿಂದ ಕಬ್ಬಿಣ ಹೆಣೆದ ದುಂಡು ತೊಟ್ಟಿಯೇ ಲೇಸು. ಅದೂ ಪಾಯದಿಂದ ದೂರ.

ಬಚ್ಚಲು, ಕಕ್ಕಸು, ಒಲೆ

ನಕ್ಷೆ ಬರೆಯುವಾಗ ಮನೆಯ ಹೆಂಗಸರನ್ನು ಕೂರಿಸಿಕೊಂಡು ಬರೆಯಿರಿ. ದಿನದ ಹೆಚ್ಚು ಹೊತ್ತು ಅಡಿಗೆ ಮನೆ, ಬಚ್ಚಲು, ಹಿತ್ತಲಲ್ಲಿ ಓಡಾಡುವವರು ಅವರು. ನಡುಮನೆಯ ಅಂದಕ್ಕೆ ತಿಂಗಳುಗಟ್ಟಲೆ ಯೋಚಿಸಿ, ಬಚ್ಚಲ ನೀರು ಎಲ್ಲಿ ಹೋಗಬೇಕೆಂದು ಗೃಹಪ್ರವೇಶದ ದಿನ ಕೇಳುವ ಯಜಮಾನರು ಕಡಮೆಯಿಲ್ಲ.

ಬಚ್ಚಲು ಮತ್ತು ಪಾತ್ರೆ ತೊಳೆದ ನೀರು ಬಾಳೆ, ತೆಂಗು, ಕೆಸುವಿನ ಪಾತಿಗೆ ಹೋಗುವಂತೆ ಇಳಿಜಾರು ಮೊದಲೇ ಗೊತ್ತುಮಾಡಬೇಕು. ಎರೆ ನೆಲ ನೀರನ್ನು ಬೇಗ ಹೀರುವುದಿಲ್ಲವಾದ್ದರಿಂದ ಇಂಗುಗುಂಡಿಗಿಂತ ಪಾತಿಯೇ ಮೇಲು. ಕಕ್ಕಸಿಗೆ ಎರಡು ಗುಂಡಿಯ ಕ್ರಮ ಹಳ್ಳಿಗೆ ಹೇಳಿ ಮಾಡಿಸಿದ್ದು. ಮೂರಡಿ ಅಗಲ, ನಾಲ್ಕಡಿ ಆಳದ ಎರಡು ಗುಂಡಿ. ಒಂದು ತುಂಬಿದ ಮೇಲೆ ಅದನ್ನು ಮುಚ್ಚಿ ಇನ್ನೊಂದಕ್ಕೆ ತಿರುಗಿಸುವುದು. ಮುಚ್ಚಿದ್ದು ಎರಡು ವರ್ಷ ಹಾಗೇ ಇದ್ದರೆ ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಎರೆಯಲ್ಲಿ ಮಾತ್ರ ಗುಂಡಿಯ ಸುತ್ತ ಒಂದು ಅಡಿ ದಪ್ಪಕ್ಕೆ ಇಟ್ಟಿಗೆ ಚೂರು, ಜಲ್ಲಿ ತುಂಬಬೇಕು. ಬಾವಿಗೂ ಮಳೆ ತೊಟ್ಟಿಗೂ ಗುಂಡಿ ಮೂವತ್ತೈದು ಅಡಿಯಾದರೂ ದೂರವಿರಲಿ.

ಅಡಿಗೆಗೆ ಅನಿಲ ಬಂದರೂ ಹಂಡೆಯ ಒಲೆ ಇನ್ನೂ ಸೌದೆಯನ್ನೇ ತಿನ್ನುತ್ತಿದೆ. ತಾರಸಿಯ ಮೇಲೆ ದಕ್ಷಿಣಕ್ಕೆ ಮುಖ ಮಾಡಿದ ಸೌರ ಹಂಡೆಗೆ ಜಾಗ, ಅದರಿಂದ ಬಚ್ಚಲಿಗೆ ಕೊಳವೆಯ ದಾರಿ ಮೊದಲೇ ಬಿಟ್ಟಿರಬೇಕು. ನಾಲ್ಕೈದು ದನಗಳಿರುವ ಮನೆಗೆ ಎರಡು ಘನ ಮೀಟರಿನ ಗೋಬರ್ ಅನಿಲ ಘಟಕ ಒಗ್ಗುತ್ತದೆ. ಕೊಟ್ಟಿಗೆ ಮಾತ್ರ ಬೇರೆಯೇ ಇರಲಿ, ಗಾಳಿ ಮನೆಯಿಂದ ಕೊಟ್ಟಿಗೆಯ ಕಡೆಗೆ ಬೀಸುವಂತೆ. ವಿದ್ಯುತ್ತಿಗೆ ತಾರಸಿಯ ಸೌರ ಫಲಕಗಳಿವೆ. ಒಂದು ಕಿಲೋವಾಟಿಗೆ ನೂರು ಚದರ ಅಡಿ ಜಾಗ ಬೇಕು. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸೂರ್ಯ ಘರ್ ಯೋಜನೆಯಲ್ಲಿ ಒಂದು ಕಿಲೋವಾಟಿಗೆ 30,000, ಎರಡಕ್ಕೆ 60,000, ಮೂರು ಮತ್ತು ಮೇಲ್ಪಟ್ಟದ್ದಕ್ಕೆ 78,000 ರೂಪಾಯಿ ಸಹಾಯಧನ ಗೊತ್ತುಪಡಿಸಲಾಯಿತು. ಅರ್ಜಿ ಹಾಕುವ ಮುನ್ನ ಬೆಸ್ಕಾಂ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು.

ಪಟ್ಟಣದಲ್ಲಿ ನಿವೇಶನ ಇರುವವರಿಗೆ

ಮಕ್ಕಳ ಓದಿಗೆಂದು ಎಂ.ಸಿ.ಸಿ. ಬಡಾವಣೆಯಲ್ಲೋ, ಹರಿಹರದಲ್ಲೋ ಜಾಗ ಕೊಂಡವರೂ ನಮ್ಮ ಓದುಗರಲ್ಲಿ ಇದ್ದಾರೆ. ಅವರಿಗೆ ದಿಕ್ಕಿನ ಆಯ್ಕೆ ಇಲ್ಲ, ರಸ್ತೆ ಇದ್ದ ಕಡೆಗೆ ಬಾಗಿಲು. ಪಡುವಣಕ್ಕೆ ರಸ್ತೆ ಬಂದರೆ ಮೆಟ್ಟಿಲು, ಮುಂಭಾಗದ ಪಡಸಾಲೆಗಳನ್ನು ಆ ಕಡೆಗೆ ತಂದು ಕೋಣೆಗಳನ್ನು ಹಿಂದಕ್ಕೆ ಒಯ್ಯಬಹುದು. ಅಂಗಳವನ್ನೆಲ್ಲ ಸಿಮೆಂಟಿನಿಂದ ಮುಚ್ಚುವ ಚಾಳಿಯಂತೂ ಬೇಡ. ಒಂದಿಷ್ಟು ಮಣ್ಣು ಉಳಿಸಿ ಒಂದು ಮರ ನೆಡಲಿ. ದಾವಣಗೆರೆಗೆ ನೀರು ಬರುವುದು ಹರಿಹರದ ಬಳಿಯ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತಿ. ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳಲ್ಲಿಯೂ ಶೇಖರಿಸುತ್ತಾರೆ. ಬೇಸಗೆಯಲ್ಲಿ ಹೊಳೆ ಸೊರಗಿದಾಗ ನಲ್ಲಿಯೂ ಸೊರಗುತ್ತದೆ. ಹೇಗೂ ಸಂಪು ತೆಗೆಸುತ್ತಾರಷ್ಟೆ, ತಾರಸಿಯ ಕೊಳವೆಯನ್ನು ಸೋಸುಗುಂಡಿಯ ಮೂಲಕ ಅದಕ್ಕೇ ತಿರುಗಿಸಲು ಹೆಚ್ಚಿನ ಖರ್ಚಿಲ್ಲ.

ಇನ್ನು ಕೆಲಸದ ಅನುಕ್ರಮ. ಮನೆ ಕಟ್ಟಿಸುವ ಹಿಂದಿನ ವರ್ಷದ ಮುಂಗಾರಿನಲ್ಲೇ ಗಿಡ ನೆಡಿ. ಒಂದು ವರ್ಷ ಗೆದ್ದಂತಾಯಿತು. ಆ ಮಳೆಗಾಲದಲ್ಲೇ ನಿವೇಶನದಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಎತ್ತ ಹರಿಯುತ್ತದೆ ಎಂಬುದನ್ನು ನೋಡಿ ಗುರುತಿಟ್ಟುಕೊಳ್ಳಿ. ಗುಂಡಿ ತೋಡಿ ಮಣ್ಣು ನೋಡುವುದು, ನಕ್ಷೆ ಬರೆಸುವುದು, ಗ್ರಾಮ ಪಂಚಾಯಿತಿಯ ಅನುಮತಿ ಪಡೆಯುವುದು ಸುಗ್ಗಿಯೊಳಗೆ ಮುಗಿಯಲಿ. ಎರೆ ನೆಲದಲ್ಲಿ ಪಾಯದ ಕೆಲಸ ಒಣಗಾಲದಲ್ಲೇ ಆಗಬೇಕು, ಮಳೆಗೆ ತೆರೆದಿಟ್ಟ ಪಾಯ ಕೆಟ್ಟಂತೆಯೇ. ಎಲ್ಲಕ್ಕಿಂತ ಮೊದಲು ನೀರಿನ ತೊಟ್ಟಿ ಕಟ್ಟಿಸಿಬಿಡಿ. ಗೋಡೆಗೆ, ಮೋಲ್ಡಿಗೆ ನೀರುಣಿಸುವ ಕೆಲಸ ಬೀಳುವುದು ಸರಿಯಾಗಿ ಫೆಬ್ರವರಿ, ಮಾರ್ಚಿಯಲ್ಲಿ. ಟ್ಯಾಂಕರಿನವರ ದಾರಿ ಕಾಯುತ್ತ ಒಣಗಲು ಬಿಟ್ಟ ಕಾಂಕ್ರೀಟು ಎಂದೂ ಗಟ್ಟಿಯಾಗುವುದಿಲ್ಲ. ತೊಟ್ಟಿ ತುಂಬಿದ್ದರೆ ಮನೆಯ ಹೆಂಗಸರೇ ಬೆಳಗ್ಗೆ ಸಂಜೆ ಪೈಪು ಹಿಡಿದು ನೀರು ಬಿಟ್ಟಾರು. ಮೇ ತಿಂಗಳೊಳಗೆ ಸೂರು ಮುಗಿದರೆ ಮೊದಲ ಮಳೆಗೆ ತಾರಸಿ ತೊಳೆದುಹೋಗಿ, ಎರಡನೆಯ ಮಳೆಯ ನೀರು ತೊಟ್ಟಿಗೆ ಇಳಿಯುತ್ತದೆ.